ಹಳೆಯ ಕಾರಿಗೆ ಹೊಸ ಎಂಜಿನ್ನು: ಯಾರಿಗೆ ಲಾಭ, ಎಷ್ಟು ಲಾಭ?



ಪರಿಸರದ ಪತ್ರಿಕೆಯ ಸಂಪಾದಕೀಯದಲ್ಲಿ ಸ್ಪೋರ್ಟ್ಸ್ ಕಾರಿಗೇನು ಕೆಲಸವೆಂದು ತಾವು ಹುಬ್ಬೇರಿಸುವುದು ಸಹಜ. ಕಾರಣವಿದೆ. ಅರ್ಧ ಶತಮಾನದಷ್ಟು ಹಳೆಯ ಸ್ಪೋರ್ಟ್ಸ್ ಕಾರುಗಳ ಪೆಟ್ರೋಲ್ ಎಂಜಿನ್ನನ್ನು ಕಿತ್ತು, ಆ ಜಾಗದಲ್ಲಿ ವಿದ್ಯುತ್ ಮೋಟಾರು ಮತ್ತು ಬ್ಯಾಟರಿಗಳನ್ನು ಕೂರಿಸಿ, ಅದನ್ನು ಹಸಿರು ಕಾರ್ಯವೆಂದು ಸಾರುವ ಪರಿಪಾಠ ಕೆಲವು ವರ್ಷಗಳಿಂದ ಬೆಳೆದಿದೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನು ಮೆಚ್ಚಿಕೊಂಡಿದ್ದಾರೆ. ನಮ್ಮೂರ ಹಳೆಯ ವಾಹನಗಳಿಗೂ ಇದೇ ದಾರಿ ಆಗದೇ ಎಂದು ಬಳಗದ ಸಭೆಗಳಲ್ಲಿ ಕೇಳುತ್ತಿದ್ದಾರೆ. ಪ್ರಶ್ನೆ ಉತ್ತಮವಾದದ್ದು. ಆದರೆ ಸ್ಪೋರ್ಟ್ಸ್ ಕಾರಿಗೆ ಸಲ್ಲುವ ಉತ್ತರವೂ ಘಟ್ಟದ ಜೀಪಿಗೆ ಸಲ್ಲುವ ಉತ್ತರವೂ ಒಂದೇ ಅಲ್ಲ. ಈ ಎರಡನ್ನು ಬೆರೆಸಿದರೆ ಹಣವೂ ಉತ್ಸಾಹವೂ ಸಲ್ಲದ ಕಡೆ ಹರಿದುಹೋಗುತ್ತವೆ.

ಎಂಜಿನ್ ಬದಲಿಸುವ ಹವ್ಯಾಸ ವಿದ್ಯುತ್ ಮೋಟಾರಿನ ಜೊತೆ ಹುಟ್ಟಿದ್ದಲ್ಲ. ಅದರ ಇತಿಹಾಸ ತಿಳಿಯಲು ಇಂಗ್ಲೆಂಡಿನ ಎಂಜಿಬಿ ಎಂಬ ಪುಟ್ಟ ಕಾರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. ಅಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ 5 ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು ಅದು. ಅದರೊಳಗಿದ್ದದ್ದು ಬಿ-ಸರಣಿಯೆಂದು ಹೆಸರಾದ, ಎರಕದ ಕಬ್ಬಿಣದ, ನಾಲ್ಕು ಸಿಲಿಂಡರುಗಳ 1798 ಸಿಸಿ ಎಂಜಿನ್ನು. ಹೆಸರು ಅಪರಿಚಿತವೆನಿಸಿದರೂ ಈ ಎಂಜಿನ್ನಿನ ಸದ್ದು ನಮ್ಮ ಹಿರಿಯರಿಗೆಲ್ಲ ಪರಿಚಿತವೇ. ಅಂಬಾಸಿಡರ್ ಕಾರನ್ನು ದಶಕಗಳ ಕಾಲ ಎಳೆದ 1489 ಸಿಸಿ ಎಂಜಿನ್ನು ಇದೇ ಕುಲದ್ದು. ಎಂಜಿಬಿಗೂ ಮುಂಚಿನ ಎಂಜಿಎ ಎಂಬ ಸ್ಪೋರ್ಟ್ಸ್ ಕಾರು 1955ರಲ್ಲಿ ಬಂದಾಗ ಅದರಲ್ಲಿದ್ದದ್ದೂ 1489 ಸಿಸಿಯ ಬಿ-ಸರಣಿಯೇ. ಅಲ್ಲಿ ಶ್ರೀಮಂತರ ಮಕ್ಕಳು ವಾರಾಂತ್ಯದಲ್ಲಿ ಓಡಿಸಿದ ಎಂಜಿನ್ನಿನ ಸೋದರನೇ ಇಲ್ಲಿ ಬಾಳೆಗೊನೆ, ಬಾಣಂತಿ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತು ಆಗುಂಬೆ ಘಾಟಿ ಹತ್ತಿದ್ದಾನೆ.

ಈ ಕಾರಿಗೆ ಇನ್ನಷ್ಟು ಕಸುವು ಬೇಕೆಂಬ ಆಸೆ ತಯಾರಕರಿಗೇ ಮೊದಲು ಬಂತು. 1967ರಲ್ಲಿ ಅವರು ಇದೇ ಒಡಲಿನಲ್ಲಿ ಆರು ಸಿಲಿಂಡರುಗಳ 2912 ಸಿಸಿ ಎಂಜಿನ್ನನ್ನು ತುರುಕಿ ಎಂಜಿಸಿ ಎಂಬ ಮಾದರಿಯನ್ನು ತಂದರು. ಹೊಸ ಎಂಜಿನ್ನು ಹಳೆಯದಕ್ಕಿಂತ ಸುಮಾರು 95 ಕೆ.ಜಿ. ಹೆಚ್ಚು ತೂಕದ್ದು. ಅದು ಬಾನೆಟ್ಟಿನಡಿ ಹಿಡಿಸಲಿಲ್ಲ; ಬಾನೆಟ್ಟಿಗೆ ಉಬ್ಬು ಕೊಡಬೇಕಾಯಿತು. ಮುಂದಿನ ಚಕ್ರಗಳ ಸ್ಪ್ರಿಂಗು ವ್ಯವಸ್ಥೆಯನ್ನೇ ಬದಲಿಸಬೇಕಾಯಿತು. ಇಷ್ಟಾದರೂ ಮೂತಿ ಭಾರವಾದ ಕಾರು ತಿರುವುಗಳಲ್ಲಿ ಚಾಲಕನ ಮಾತು ಕೇಳದೆ ನೇರಕ್ಕೆ ಹೋಗಬಯಸುತ್ತದೆಂದು ವಿಮರ್ಶಕರು ಬರೆದರು. ಸುಮಾರು 9,000 ಕಾರುಗಳಾದ ಮೇಲೆ, 1969ರಲ್ಲಿ ಅದರ ತಯಾರಿಕೆ ನಿಂತಿತು. ಗದ್ದೆಗಿಳಿಸುವ ಟಿಲ್ಲರಿನ ಮುಂಭಾಗಕ್ಕೆ ಒಂದು ಗೊಬ್ಬರದ ಮೂಟೆ ಕಟ್ಟಿ ನೋಡಿದವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ.

ಸಮಸ್ಯೆಗೆ ಪರಿಹಾರ ಒದಗಿದ್ದು ಕಾರ್ಖಾನೆಯ ಹೊರಗಿನಿಂದ. ಅಮೆರಿಕದ ಬ್ಯೂಯಿಕ್ ಕಂಪನಿಯು 1961ರಿಂದ 1963ರವರೆಗೆ ಅಲ್ಯೂಮಿನಿಯಮ್ಮಿನ, ಎಂಟು ಸಿಲಿಂಡರುಗಳ ಮೂರೂವರೆ ಲೀಟರ್ ಎಂಜಿನ್ನೊಂದನ್ನು ತಯಾರಿಸಿ ಕೈಬಿಟ್ಟಿತ್ತು. ಅದರ ಹಕ್ಕನ್ನು ಬ್ರಿಟನ್ನಿನ ರೋವರ್ ಕಂಪನಿ 1965ರಲ್ಲಿ ಪಡೆಯಿತು. ಕೆನ್ ಕಾಸ್ಟೆಲೊ ಎಂಬ ಓಟದ ಚಾಲಕ 1970ರ ಸುಮಾರಿಗೆ ಈ ಎಂಜಿನ್ನನ್ನು ಎಂಜಿಬಿಗೆ ಅಳವಡಿಸಿ ಮಾರತೊಡಗಿದ. ಎಂಟು ಸಿಲಿಂಡರುಗಳಿದ್ದರೂ ಅಲ್ಯೂಮಿನಿಯಮ್ಮಿನದಾದ್ದರಿಂದ ಅದು ಕಬ್ಬಿಣದ ಹಳೆಯ ಎಂಜಿನ್ನಿನಷ್ಟೇ ಹೆಚ್ಚುಕಡಿಮೆ ತೂಗುತ್ತಿತ್ತು. ಮೂತಿ ಭಾರವಾಗಲಿಲ್ಲ; ಕಾರಿನ ಸಮತೋಲ ಕೆಡಲಿಲ್ಲ. ಇದನ್ನು ಕಂಡು ಕಾರ್ಖಾನೆಯೂ 1973ರ ಆಗಸ್ಟಿನಲ್ಲಿ 3528 ಸಿಸಿಯ, 137 ಅಶ್ವಶಕ್ತಿಯ ತನ್ನದೇ ಮಾದರಿಯನ್ನು ಹೊರತಂದಿತು. ಗಂಟೆಗೆ 200 ಕಿ.ಮೀ. ವೇಗವನ್ನು ಮುಟ್ಟಬಲ್ಲ ಕಾರು. ಆದರೆ ಎರಡೇ ತಿಂಗಳಲ್ಲಿ, ಅಕ್ಟೋಬರಿನಲ್ಲಿ, ಅರಬ್ ರಾಷ್ಟ್ರಗಳು ತೈಲದ ನಲ್ಲಿ ಬಿಗಿದವು. ಪೆಟ್ರೋಲಿನ ಬೆಲೆ ಗಗನಕ್ಕೇರಿತು. ಒಟ್ಟು 2,591 ಕಾರುಗಳೊಂದಿಗೆ 1976ರಲ್ಲಿ ಆ ಅಧ್ಯಾಯ ಮುಗಿಯಿತು. ಎಂಜಿನ್ನಿನಲ್ಲಿ ದೋಷವಿರಲಿಲ್ಲ, ಕಾಲದಲ್ಲಿತ್ತು.

ಇಲ್ಲಿ ಕೃಷಿಕರಿಗೆ ಪರಿಚಿತವಾದ ಒಂದು ಹೋಲಿಕೆಯನ್ನು ನೀಡಬಯಸುತ್ತೇನೆ. ಶೀಘ್ರ ಸೊರಗು ರೋಗವನ್ನು ತಡೆಯಲು ಕಾಳುಮೆಣಸನ್ನು ದಕ್ಷಿಣ ಅಮೆರಿಕ ಮೂಲದ ಹಿಪ್ಪಲಿಯ ಬುಡಕ್ಕೆ ಕಸಿ ಮಾಡುವುದನ್ನು ನಾವೆಲ್ಲ ನೋಡಿದ್ದೇವೆ. ಬೇರು ರೋಗವನ್ನು ತಾಳಿಕೊಳ್ಳುತ್ತದೆ, ನಿಜ. ಆದರೆ ಆ ಬೇರಿಗೆ ಬೇಸಗೆಯಲ್ಲೂ ತೇವ ಬೇಕು. ಬಳ್ಳಿ ಬಲಿತಂತೆ ಕಸಿಗಂಟಿನ ಮೇಲಿನ ಕಾಂಡಕ್ಕೂ ಕೆಳಗಿನ ಕಾಂಡಕ್ಕೂ ದಪ್ಪ ಹೊಂದದೆ ತೊಂದರೆ ಕಾಣಿಸಿಕೊಳ್ಳುತ್ತದೆ. ನೀರಿರುವ ತೋಟದಲ್ಲಿ ಕೈಹಿಡಿದ ಕಸಿ ಒಣ ಗುಡ್ಡದಲ್ಲಿ ಕೈಕೊಡುತ್ತದೆ. ಎಂಜಿನ್ ಬದಲಾವಣೆಯೂ ಒಂದು ಕಸಿಯೇ. ಹೊಸ ಎಂಜಿನ್ನು ಉತ್ಪಾದಿಸುವ ಶಾಖವನ್ನು ಹೊರಹಾಕಲು ದೊಡ್ಡ ರೇಡಿಯೇಟರ್ ಬೇಕು. ಹೆಚ್ಚಿದ ವೇಗವನ್ನು ತಡೆಯಲು ಬಲವಾದ ಬ್ರೇಕು ಬೇಕು. ಹೆಚ್ಚಿದ ತಿರುಚುಬಲವನ್ನು ಗೇರ್‌ಬಾಕ್ಸೂ ಹಿಂದಿನ ಆಕ್ಸಲ್ಲೂ ತಾಳಬೇಕು. ಇವೆಲ್ಲವನ್ನು ಹೊರುವ ಚಾಸಿ ನಲುಗದಿರಬೇಕು. ಎಸಿ ಏಸ್ ಎಂಬ ಹಗುರ ಇಂಗ್ಲಿಷ್ ಕಾರಿಗೆ ಅಮೆರಿಕದ ಕ್ಯಾರಲ್ ಶೆಲ್ಬಿ 1962ರಲ್ಲಿ ಫೋರ್ಡ್ ಕಂಪನಿಯ ಎಂಟು ಸಿಲಿಂಡರುಗಳ ಎಂಜಿನ್ನನ್ನು ಕೂರಿಸಿ ಕೋಬ್ರಾ ಎಂದು ಹೆಸರಿಟ್ಟ ಕಥೆ ಜಗತ್ಪ್ರಸಿದ್ಧ. ಅದೇ ಕಾರಿಗೆ 1965ರಲ್ಲಿ 7 ಲೀಟರಿನ ಎಂಜಿನ್ ಹಾಕಹೊರಟಾಗ ಹಳೆಯ ಚಾಸಿ ಸಾಲದೆ, ಇನ್ನೂ ದಪ್ಪ ಕೊಳವೆಗಳ ಹೊಸ ಚಾಸಿಯನ್ನೇ ಮಾಡಬೇಕಾಯಿತು ಎಂಬ ಉತ್ತರಾರ್ಧವನ್ನು ಹೇಳುವವರು ಕಡಿಮೆ.

ಈಗ ವಿದ್ಯುತ್ ಮೋಟಾರಿನ ವಿಷಯಕ್ಕೆ ಬರೋಣ. 2017ರಲ್ಲಿ ಜಾಗ್ವಾರ್ ಕಂಪನಿಯು 1968ರ ತನ್ನ ಇ-ಟೈಪ್ ಕಾರನ್ನು ವಿದ್ಯುತ್ ಕಾರಾಗಿ ಪರಿವರ್ತಿಸಿ ಪ್ರದರ್ಶಿಸಿತು. 2018ರ ಮೇ ತಿಂಗಳಲ್ಲಿ ಬ್ರಿಟನ್ನಿನ ರಾಜಕುಮಾರ ಹ್ಯಾರಿ ತನ್ನ ಮದುವೆಯ ದಿನ ಅದನ್ನು ಓಡಿಸಿದ ಮೇಲಂತೂ ಅದು ಮನೆಮಾತಾಯಿತು. ತಾಂತ್ರಿಕವಾಗಿ ಅದು ಮೆಚ್ಚಬೇಕಾದ ಕೆಲಸ. 40 ಯೂನಿಟ್ ವಿದ್ಯುತ್ತನ್ನು ಹಿಡಿದಿಡುವ ಬ್ಯಾಟರಿಯನ್ನು ಹಳೆಯ ಎಂಜಿನ್ನಿನ ಅಳತೆಗೂ ತೂಕಕ್ಕೂ ಹೊಂದುವಂತೆ ರೂಪಿಸಿ, ಎಂಜಿನ್ನಿದ್ದ ಜಾಗದಲ್ಲೇ ಕೂರಿಸಿದ್ದರು; ಗೇರ್‌ಬಾಕ್ಸ್ ಇದ್ದಲ್ಲಿ ಮೋಟಾರು. ಆದ್ದರಿಂದ ಬ್ರೇಕು, ಸ್ಪ್ರಿಂಗುಗಳನ್ನು ಮುಟ್ಟಬೇಕಾಗಲಿಲ್ಲ. ಬೇಕೆಂದಾಗ ಹಳೆಯ ಎಂಜಿನ್ನನ್ನು ಮರಳಿ ಜೋಡಿಸಬಹುದೆಂದು ಕಂಪನಿಯೇ ಹೇಳಿತು. ಎಂಜಿಸಿಯ ತಪ್ಪನ್ನು ಇವರು ಮಾಡಲಿಲ್ಲ. ಹೀಗಿದ್ದರೂ ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫೀವಾ, ಎಂಜಿನ್ ತೆಗೆದು ಮೋಟಾರು ಹಾಕಿದ ಕಾರು ಇನ್ನು ಐತಿಹಾಸಿಕ ವಾಹನವಲ್ಲವೆಂದು 2019ರಲ್ಲಿ ಸ್ಪಷ್ಟಪಡಿಸಿತು. ಪರಿವರ್ತಿಸುವವರು ಮೂಲ ಭಾಗಗಳನ್ನು ಕಾದಿರಿಸಿ, ಮರಳಿ ಜೋಡಿಸಲು ಬರುವಂತೆ ಕೆಲಸ ಮಾಡಲಿ ಎಂಬುದು ಅದರ ಸಲಹೆ.

ಪರಂಪರೆಯ ವಾದ ಹವ್ಯಾಸಿಗಳಿಗಿರಲಿ. ನಮ್ಮ ಕಾಳಜಿಯ ಪ್ರಶ್ನೆ ಬೇರೆ: ಇದರಿಂದ ಗಾಳಿಗೆ ಸೇರುವ ಇಂಗಾಲ ನಿಜಕ್ಕೂ ಎಷ್ಟು ಕಡಿಮೆಯಾಗುತ್ತದೆ? ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ನಮ್ಮೊಡನೆ ಲೆಕ್ಕ ಹಾಕಲಿ. ಹಳೆಯ ಎಂಜಿಬಿಯೊಂದು ವರ್ಷಕ್ಕೆ 2,000 ಕಿ.ಮೀ. ಓಡುತ್ತದೆಂದು ಇಟ್ಟುಕೊಳ್ಳೋಣ, ಪ್ರದರ್ಶನ, ವಿಹಾರಗಳಿಗಷ್ಟೇ ಹೊರಬರುವ ಕಾರಿಗೆ ಇದೂ ಧಾರಾಳವೇ. ಲೀಟರಿಗೆ 10 ಕಿ.ಮೀ. ಎಂದರೆ 200 ಲೀಟರ್ ಪೆಟ್ರೋಲ್. ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅಂದರೆ ವರ್ಷಕ್ಕೆ 460 ಕೆ.ಜಿ. ಇನ್ನು ಬ್ಯಾಟರಿಯ ಕಡೆ ನೋಡಿರಿ. ಒಂದು ಯೂನಿಟ್ ವಿದ್ಯುತ್ತನ್ನು ಹಿಡಿದಿಡುವ ಬ್ಯಾಟರಿಯನ್ನು ತಯಾರಿಸಲು ಸುಮಾರು 60ರಿಂದ 100 ಕೆ.ಜಿ.ಯಷ್ಟು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆಂಬುದು ಪ್ರಚಲಿತ ಅಂದಾಜು. 40 ಯೂನಿಟ್ಟಿನ ಬ್ಯಾಟರಿಗೆ ಎರಡೂವರೆಯಿಂದ ನಾಲ್ಕು ಟನ್. ಅದನ್ನು ಚಾರ್ಜ್ ಮಾಡುವ ವಿದ್ಯುತ್ತೂ ಪುಕ್ಕಟೆಯಲ್ಲ. ಕಲ್ಲಿದ್ದಲೇ ಮುಖ್ಯವಾಗಿರುವ ಭಾರತದ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆ.ಜಿ. ಎಂದು ಹಿಡಿದರೆ, ಅದೇ 2,000 ಕಿ.ಮೀ. ಓಟಕ್ಕೆ ಕಿಲೋಮೀಟರಿಗೆ 0.18 ಯೂನಿಟ್ಟಿನಂತೆ 360 ಯೂನಿಟ್, 250 ಕೆ.ಜಿ. ನಿವ್ವಳ ಉಳಿತಾಯ ವರ್ಷಕ್ಕೆ 210 ಕೆ.ಜಿ. ಮಾತ್ರ. ಬ್ಯಾಟರಿಯನ್ನು ತಯಾರಿಸುವಾಗ ಆದ ಸಾಲವನ್ನು ತೀರಿಸಲು ಹನ್ನೊಂದರಿಂದ ಹತ್ತೊಂಬತ್ತು ವರ್ಷ ಬೇಕು. ಅಷ್ಟರಲ್ಲಿ ಆ ಬ್ಯಾಟರಿಯೇ ಮುಪ್ಪಾಗಿರುತ್ತದೆ.

ಕಲ್ಲಿದ್ದಲಿಲ್ಲದ ದೇಶದಲ್ಲಿ ಈ ಅವಧಿ ಕಡಿಮೆಯಾಗುತ್ತದೆ, ಅಪಘಾತಕ್ಕೀಡಾದ ಹೊಸ ಕಾರುಗಳ ಬ್ಯಾಟರಿಯನ್ನು ಮರುಬಳಸಿದರೆ ಇನ್ನೂ ಕಡಿಮೆಯಾಗುತ್ತದೆ, ಅದನ್ನು ಒಪ್ಪುತ್ತೇವೆ. ಹಳೆಯ ಕಾರಿನ ಹೊಗೆಯಲ್ಲಿ ಇಂಗಾಲದ ಮೊನಾಕ್ಸೈಡ್, ಅರೆಬೆಂದ ಇಂಧನದ ಆವಿ ಎಲ್ಲವೂ ಇರುತ್ತವೆ, ಜನನಿಬಿಡ ಪೇಟೆಯಲ್ಲಿ ಅದು ಸಣ್ಣ ಮಾತಲ್ಲ ಎಂಬುದೂ ಸರಿಯೇ. ಆದರೂ ವರ್ಷದ ಬಹುಭಾಗ ಹೊದಿಕೆಯಡಿ ನಿದ್ರಿಸುವ ಕಾರಿಗೆ ಕಾಂಗೋ ದೇಶದ ಕೋಬಾಲ್ಟ್, ಇಂಡೋನೇಷ್ಯದ ನಿಕ್ಕಲ್ ತರಿಸಿ ತುಂಬುವುದನ್ನು ಪರಿಸರ ಸೇವೆಯೆಂದು ಕರೆಯಲು ನಮಗೆ ಮನಸ್ಸಿಲ್ಲ. ಗಣಿಯೆಂದರೆ ಏನೆಂಬುದನ್ನು ಕುದುರೆಮುಖದ ಕೆಳಗಿನ ಭದ್ರೆಯ ದಂಡೆಯವರಿಗೂ, ವಿದ್ಯುತ್ತು ಎಲ್ಲಿಂದ ಬರುತ್ತದೆಂಬುದನ್ನು ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆಮಾರು ಕಳೆದುಕೊಂಡವರಿಗೂ ಯಾರೂ ಕಲಿಸಿಕೊಡಬೇಕಾಗಿಲ್ಲ.

ಹಾಗಾದರೆ ಹಳೆಯ ಸ್ಪೋರ್ಟ್ಸ್ ಕಾರಿಗೆ ಏನೂ ಮಾಡಬಾರದೇ? ಮಾಡಬೇಕು, ಆದರೆ ಸುದ್ದಿಯಾಗದಂಥ ಸಣ್ಣ ಕೆಲಸಗಳನ್ನು. ಅಂದಿನ ಎಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗಾಗಿ ರೂಪುಗೊಂಡವು. ಸೀಸವು ವಾಲ್ವ್ ಮತ್ತು ಅದರ ಸೀಟಿನ ನಡುವೆ ತೆಳುವಾದ ರಕ್ಷಾಕವಚದಂತೆ ಕೂರುತ್ತಿತ್ತು. 2000ದಲ್ಲಿ ಬ್ರಿಟನ್ನಿನಲ್ಲೂ ಭಾರತದಲ್ಲೂ ಸೀಸದ ಪೆಟ್ರೋಲ್ ನಿಂತಿತು. ಮಕ್ಕಳ ಮಿದುಳಿಗೆ ಸೀಸ ವಿಷವಾದ್ದರಿಂದ ನಿಂತದ್ದು ಒಳಿತೇ ಆಯಿತು. ಬಳಿಕ ಇಂಥ ಎಂಜಿನ್ನುಗಳ ಮೆದು ಕಬ್ಬಿಣದ ವಾಲ್ವ್ ಸೀಟುಗಳು ಸವೆಯತೊಡಗಿದವು. ತಲೆಭಾಗವನ್ನು ಬಿಚ್ಚಿ ಗಟ್ಟಿ ಉಕ್ಕಿನ ಸೀಟುಗಳನ್ನು ಕೂರಿಸಿದರೆ ಎಂಜಿನ್ನು ಮತ್ತೆ ಹತ್ತಾರು ವರ್ಷ ಬಾಳುತ್ತದೆ. ಈಗ ಬಂದಿರುವುದು ಎಥನಾಲಿನ ಸರದಿ. ನಮ್ಮ ದೇಶದ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಲಾಯಿತು. ಎಥನಾಲ್ ಹಳೆಯ ಕಾಲದ ರಬ್ಬರ್ ಕೊಳವೆ, ವಾಷರುಗಳನ್ನು ಊದಿಸಿ ಬಿರಿಯಿಸುತ್ತದೆ. ನೀರನ್ನು ಹೀರಿ ಟ್ಯಾಂಕಿನಲ್ಲಿ ತುಕ್ಕು ಹಿಡಿಸುತ್ತದೆ. ಪೆಟ್ರೋಲಿಗಿಂತ ಅದರಲ್ಲಿ ಶಕ್ತಿ ಮೂರನೇ ಒಂದರಷ್ಟು ಕಡಿಮೆಯಾದ್ದರಿಂದ ಕಾರ್ಬುರೇಟರಿನ ಜೆಟ್ಟನ್ನು ಹಿಗ್ಗಿಸಬೇಕಾಗುತ್ತದೆ. ಎಥನಾಲ್ ತಾಳುವ ಕೊಳವೆಗಳನ್ನು ಹಾಕಿ, ಕಾರ್ಬುರೇಟರನ್ನು ಹದಗೊಳಿಸಿ, ಕಿಡಿ ಹೊತ್ತಿಸುವ ವ್ಯವಸ್ಥೆಯನ್ನು ಎಲೆಕ್ಟ್ರಾನಿಕ್ ಮಾಡಿಕೊಂಡರೆ ಹೊಗೆಯೂ ಕಡಿಮೆ, ಇಂಧನವೂ ಕಡಿಮೆ. (ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ಇಂಧನ ತೆಗೆಯುವ ನೀತಿಯಲ್ಲಿ ನೀರಿನ ಲೆಕ್ಕ ಹೇಗೆ ತಪ್ಪಿದೆಯೆಂಬುದು ಬೇರೆಯೇ ಲೇಖನದ ವಸ್ತು.)

ಕಾನೂನಿನ ಮಾತನ್ನೂ ಸಂಕ್ಷಿಪ್ತವಾಗಿ ಹೇಳಬೇಕು. ಒಂದು ಕಾರಿನ ಗುರುತು ಅದರ ಎಂಜಿನ್ನಿನಲ್ಲಿದೆಯೇ, ಒಡಲಿನಲ್ಲಿದೆಯೇ? ಬ್ರಿಟನ್ನಿನಲ್ಲಿ ಬಹುಕಾಲ ಜಾರಿಯಲ್ಲಿದ್ದ ಪದ್ಧತಿಯಂತೆ ಮಾರ್ಪಡಿಸಿದ ಕಾರು ಹಳೆಯ ನೋಂದಣಿಯನ್ನು ಉಳಿಸಿಕೊಳ್ಳಲು 8 ಅಂಕ ಗಳಿಸಬೇಕಿತ್ತು. ಮೂಲ ಚಾಸಿ ಅಥವಾ ಒಡಲಿಗೆ 5 ಅಂಕ. ಎಂಜಿನ್ನಿಗೆ ಕೇವಲ 1! ಆ ನಿಯಮವನ್ನು 2025ರ ಆಗಸ್ಟಿನಲ್ಲಿ ಇನ್ನಷ್ಟು ಸಡಿಲಿಸಿ, ವಿದ್ಯುತ್ತಿಗೆ ಪರಿವರ್ತಿಸಿದ ಹಳೆಯ ಕಾರುಗಳಿಗೂ ಮೂಲ ನೋಂದಣಿ ಸಂಖ್ಯೆ ಉಳಿಯುವಂತೆ ಮಾಡಿದರು. ನಮ್ಮ ಕೇಂದ್ರ ಸರಕಾರ 2021ರಲ್ಲಿ ಹೊರಡಿಸಿದ ವಿಂಟೇಜ್ ವಾಹನಗಳ ನಿಯಮ ಇದಕ್ಕೆ ವಿರುದ್ಧ ದಿಕ್ಕಿನದು. 50 ವರ್ಷ ದಾಟಿದ ವಾಹನಕ್ಕೆ ಈ ಪಟ್ಟ ಸಿಗಬೇಕಾದರೆ ಚಾಸಿ, ಒಡಲು, ಎಂಜಿನ್ನು ಯಾವುದರಲ್ಲೂ ಗಣನೀಯ ಬದಲಾವಣೆ ಆಗಿರಕೂಡದು. ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯಕ್ಕಾಗಲಿ ಅದನ್ನು ರಸ್ತೆಗಿಳಿಸಕೂಡದು. ಈ ವಿಷಯದಲ್ಲಿ ಸರಕಾರದ ನಿಯಮ ನಮ್ಮ ಲೆಕ್ಕಕ್ಕೆ ಹೊಂದುತ್ತದೆಂದು ಹೇಳಲು ಸಂತೋಷವಾಗುತ್ತದೆ. ಓಡದ ಕಾರಿಗೆ ಹೊಸ ಮೋಟಾರು ಬೇಡ.

ಓಡುವ ವಾಹನದ ಲೆಕ್ಕ ಬೇರೆ. ನಮ್ಮ ಮಲೆನಾಡಿಗೆ ಎಂಜಿನ್ ಬದಲಾವಣೆ ಹೊಸದಲ್ಲ. ಪೆಟ್ರೋಲ್ ಜೀಪಿನ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಏರಿಸುವುದನ್ನು ನಮ್ಮ ಪೇಟೆಗಳ ಗ್ಯಾರೇಜು ಮೇಸ್ತ್ರಿಗಳು ಮರದ ಕೊಂಬೆಗೆ ಚೈನ್‌ಪುಲ್ಲಿ ಕಟ್ಟಿಕೊಂಡೇ ಮಾಡಿ ತೋರಿಸಿದ್ದಾರೆ. ಅವರದು ಅಲಂಕಾರದ ಕೆಲಸವಾಗಿರಲಿಲ್ಲ. ಶಾಲೆಯ ಮಕ್ಕಳನ್ನೂ ಎಸ್ಟೇಟಿನ ಆಳುಗಳನ್ನೂ ಹೊತ್ತು ದಿನವೂ ಗುಡ್ಡ ಹತ್ತುವ ವಾಹನದ ಖರ್ಚನ್ನು ಇಳಿಸುವ ಕೆಲಸ. ಅಂಥದೊಂದು ಜೀಪು ದಿನಕ್ಕೆ 80 ಕಿ.ಮೀ.ಯಂತೆ ವರ್ಷಕ್ಕೆ 300 ದಿನ ಓಡಿದರೆ 24,000 ಕಿ.ಮೀ. ಲೀಟರಿಗೆ 10 ಕಿ.ಮೀ. ಕೊಟ್ಟರೆ 2,400 ಲೀಟರ್ ಡೀಸೆಲ್, ಲೀಟರಿಗೆ 2.7 ಕೆ.ಜಿ.ಯಂತೆ ಆರೂವರೆ ಟನ್ ಇಂಗಾಲದ ಡೈಆಕ್ಸೈಡ್. ವಿದ್ಯುತ್ ಮೋಟಾರು ಹಾಕಿ, ಏರುದಾರಿಯೆಂದು ಕಿಲೋಮೀಟರಿಗೆ ಕಾಲು ಯೂನಿಟ್ ಕೊಟ್ಟರೂ 6,000 ಯೂನಿಟ್, ಅಂದರೆ 4.2 ಟನ್. ವರ್ಷಕ್ಕೆ ಎರಡು ಟನ್ನಿಗೂ ಮಿಕ್ಕ ಉಳಿತಾಯ. ಸ್ಪೋರ್ಟ್ಸ್ ಕಾರಿನಲ್ಲಿ ಹತ್ತೊಂಬತ್ತು ವರ್ಷ ತೆಗೆದುಕೊಳ್ಳಬಹುದಾದ ಅದೇ ಬ್ಯಾಟರಿ ಇಲ್ಲಿ ಎರಡು ವರ್ಷದೊಳಗೆ ತನ್ನ ಸಾಲ ತೀರಿಸುತ್ತದೆ. ಇಳಿಜಾರಿನಲ್ಲಿ ಮೋಟಾರೇ ಬ್ರೇಕಿನಂತೆ ವರ್ತಿಸಿ ಒಂದಿಷ್ಟು ವಿದ್ಯುತ್ತನ್ನು ಬ್ಯಾಟರಿಗೆ ಮರಳಿಸುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಸೂರಿನ ಮೇಲೆ ಸೌರಫಲಕ ಇದ್ದವರ ಲೆಕ್ಕ ಇನ್ನೂ ಸಲೀಸು.

ಆದರೆ ಇದು ಮರದ ಕೊಂಬೆಯಡಿ ಮಾಡುವ ಕೆಲಸವಲ್ಲ ಎಂಬ ಎಚ್ಚರಿಕೆಯನ್ನು ಉತ್ಸಾಹಿ ತರುಣರಿಗೆ ಹೇಳಲೇಬೇಕು. ನೂರಾರು ವೋಲ್ಟಿನ ವ್ಯವಸ್ಥೆಯಲ್ಲಿ ಕೈತಪ್ಪಿದರೆ ಪ್ರಾಣವೇ ಹೋಗುತ್ತದೆ. ಮಳೆಗಾಲದ ನಾಲ್ಕು ತಿಂಗಳು ನೀರು, ಕೆಸರಿನಲ್ಲಿ ಮುಳುಗೇಳುವ ವಾಹನದಲ್ಲಂತೂ ಬ್ಯಾಟರಿಯ ಪೆಟ್ಟಿಗೆ ನೂಲಿನಷ್ಟೂ ಸೋರಕೂಡದು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ ಸಾರಿಗೆ ಕಚೇರಿಯ ಒಪ್ಪಿಗೆಯಿಲ್ಲದೆ ಎಂಜಿನ್ ಬದಲಿಸುವಂತಿಲ್ಲ. ಮಾನ್ಯತೆ ಪಡೆದ ಪರೀಕ್ಷಾ ಸಂಸ್ಥೆ ಅನುಮೋದಿಸಿದ ಪರಿವರ್ತನಾ ಕಿಟ್ಟನ್ನೇ ಬಳಸಬೇಕು. ಬದಲಾವಣೆ ಆರ್‌ಸಿ ಪುಸ್ತಕದಲ್ಲಿ ನಮೂದಾಗಬೇಕು. ಇಲ್ಲವಾದರೆ ಅಪಘಾತದ ದಿನ ವಿಮೆಯವರು ಕೈಚೆಲ್ಲುತ್ತಾರೆ. ಈ ನಿಯಮಗಳು ಅನಾವಶ್ಯಕವೆಂದು ನಾವು ಹೇಳುವುದಿಲ್ಲ. ನಮ್ಮ ಆಕ್ಷೇಪ ಇನ್ನೊಂದು: ಹದಿನೈದು ವರ್ಷ ದಾಟಿದ ವಾಹನದ ಮರುನೋಂದಣಿಗೆ 2022ರ ಏಪ್ರಿಲಿನಿಂದ ಶುಲ್ಕವನ್ನು ಹಲವು ಪಟ್ಟು ಏರಿಸಿದ ಸರಕಾರ, ಆ ವಾಹನ ಗುಜರಿಗೆ ಹೋಗದೆ ಹೊಸ ಮೋಟಾರಿನೊಂದಿಗೆ ದುಡಿಯುವ ದಾರಿಯನ್ನು ಬಡವನ ಕೈಗೆಟುಕುವಂತೆ ಮಾಡಿಲ್ಲ. ಹೊಸ ವಿದ್ಯುತ್ ವಾಹನ ಕೊಳ್ಳುವವನಿಗೆ ಸಹಾಯಧನದ ಯೋಜನೆಗಳು ಬಂದವು. ಗಟ್ಟಿಮುಟ್ಟಾದ ಹಳೆಯ ಚಾಸಿಯನ್ನು ಉಳಿಸಿಕೊಳ್ಳುವವನಿಗೆ ಅಂಥ ಆಸರೆಯೂ ಬೇಕು. ಘಟ್ಟದ ದಾರಿಯಲ್ಲಿ ದುಡಿಯುವ ಜೀಪುಗಳಿಗೆ ಹೊಂದುವ ಕಿಟ್ಟುಗಳನ್ನು ಪರೀಕ್ಷಿಸಿ ಅನುಮೋದಿಸುವಂತೆಯೂ, ತಾಲ್ಲೂಕು ಕೇಂದ್ರಗಳ ಐಟಿಐಗಳಲ್ಲಿ ಅವುಗಳ ಜೋಡಣೆಯ ತರಬೇತಿ ಕೊಡುವಂತೆಯೂ ಒತ್ತಾಯಿಸಿ ಸಾರಿಗೆ ಇಲಾಖೆಗೆ ಮನವಿ ಸಲ್ಲಿಸಲು ಬಳಗ ತೀರ್ಮಾನಿಸಿದೆ.

ಮನವಿಗೆ ಅಂಕಿಅಂಶಗಳ ಬಲ ಬೇಕು. ಆದ್ದರಿಂದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ತಮ್ಮ ಊರಿನಲ್ಲಿ ಬಾಡಿಗೆಗೆ ಓಡುವ ಜೀಪು, ಆಟೋ, ಪಿಕಪ್ ವಾಹನಗಳ ಮಾಲೀಕರನ್ನು ಕಂಡು, ವಾಹನ ಯಾವ ವರ್ಷದ್ದು, ದಿನಕ್ಕೆ ಸರಾಸರಿ ಎಷ್ಟು ಕಿ.ಮೀ. ಓಡುತ್ತದೆ, ಲೀಟರಿಗೆ ಎಷ್ಟು ಕೊಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ, ಅಲ್ಲಿ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂಬಿಷ್ಟನ್ನು ಕೇಳಿ ಬರೆದುಕೊಳ್ಳಿರಿ. ಮಾಲೀಕರ ಹೆಸರು ಬೇಡ. ಊರು, ವಾಹನದ ವಿವರ ಸಾಕು. ಮಳೆಗಾಲದ ಓಟ, ಬೇಸಗೆಯ ಓಟ ಎಂದು ಪ್ರತ್ಯೇಕವಾಗಿ ಬರೆದರೆ ಉತ್ತಮ. ಮುಂದಿನ ಸಂಚಿಕೆ ಅಚ್ಚಿಗೆ ಹೋಗುವ ಮೊದಲು ಪಟ್ಟಿಗಳು ನಮ್ಮ ಕೈಸೇರಲಿ.